ಲಾಗೋಸ್ ಯಾತ್ರೆಯ ಸಿದ್ಧತೆ

ಕೋಲಾರ ಜಿಲ್ಲೆಯ ಮುಳಬಾಗಿಲಿಗೆ ಸಮೀಪದಲ್ಲಿರುವ ಕುರುಡುಮಲೆ ನಮ್ಮ ಊರು. ಅಲ್ಲಿಯ ಗಣಪತಿಯ ವಿಗ್ರಹ 13 ಅಡಿಗೂ ಮಿಗಿಲಾದ ಏಕಶಿಲೆಯದು. ಹೊಸ ಕಾರ್ಯವನ್ನು ಕೈಗೊಳ್ಳುವವರು ಮೊದಲು ಆ ಗಣಪನ ಸನ್ನಿಧಿಗೆ ಬಂದು ಕೈಮುಗಿದು ಹೋಗುವುದು ನಮ್ಮ ಸೀಮೆಯ ವಾಡಿಕೆ. ಮನೆ ಕಟ್ಟುವವರು ಬರುತ್ತಾರೆ. ಲಾರಿ ಕೊಂಡವರು ಬರುತ್ತಾರೆ. ಪರೀಕ್ಷೆಗೆ ಹೊರಟ ಮಕ್ಕಳೂ ಬರುತ್ತಾರೆ. ಅರವತ್ತು ದಾಟಿದ ಮೇಲೆ ನಾನೂ ನನ್ನ ಪತ್ನಿಯೂ ಅಂಥದೊಂದು ಹೊಸ ಕಾರ್ಯಕ್ಕೆ ಮನಸ್ಸು ಮಾಡಿದೆವು. ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶದ ಲಾಗೋಸ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು, “ಅಪ್ಪಾ, ಒಮ್ಮೆಯಾದರೂ ಅಮ್ಮನನ್ನು ಕರೆದುಕೊಂಡು ಬನ್ನಿ” ಎಂದು ಮೂರು ವರ್ಷಗಳಿಂದ ಕರೆಯುತ್ತಿದ್ದಳು.

ಈ ಸುದ್ದಿ ತಿಳಿದೊಡನೆ ಊರಿನ ಅರಳಿಕಟ್ಟೆಯ ಮೇಲೆ ಮಾತಿಗೆ ಬರವಿಲ್ಲವಾಯಿತು. “ಮೇಷ್ಟ್ರೇ, ಅಲ್ಲಿ ಬರಿಯ ಕಾಡಂತೆ” ಎಂದರು ಒಬ್ಬರು. “ಹಗಲಿನಲ್ಲೇ ದೋಚುತ್ತಾರಂತೆ” ಎಂದರು ಇನ್ನೊಬ್ಬರು. “ತಿನ್ನುವುದಕ್ಕೆ ಏನೂ ಸಿಕ್ಕುವುದಿಲ್ಲವಂತೆ” ಎಂದರು ಮತ್ತೊಬ್ಬರು. ಇವರಲ್ಲಿ ಯಾರೊಬ್ಬರೂ ಆಫ್ರಿಕವನ್ನು ಕಂಡವರಲ್ಲ. ಎಲ್ಲರ ಮಾತೂ ‘ಅಂತೆ’ಯಲ್ಲಿ ಮುಗಿಯುತ್ತಿತ್ತು.

ಈ ಮಾತುಗಳು ನನಗೆ ಹೊಸವಾಗಿರಲಿಲ್ಲ. ನೈಜೀರಿಯಾ 1976ರಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ನೀಡುವ ಯೋಜನೆಯನ್ನು ಆರಂಭಿಸಿತು. ಪೆಟ್ರೋಲಿಯಂ ಎಣ್ಣೆಯಿಂದ ಬಂದ ಹಣದಲ್ಲಿ ಶಾಲೆಗಳು ಎದ್ದವು. ಆದರೆ ಕಲಿಸುವವರು ಸಾಲದಾದರು. ಆಗ ನಮ್ಮ ದೇಶದ ಅನೇಕ ಅಧ್ಯಾಪಕರು ಅಲ್ಲಿಗೆ ಹೋದರು. ನನಗೆ ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸಿದ ಗುರುಗಳೂ ಅವರಲ್ಲಿ ಒಬ್ಬರು. ಅವರು ಹೊರಟ ದಿನ ಅವರ ತಾಯಿ ಮಗನನ್ನು ಇನ್ನು ಕಾಣೆನೆಂಬಂತೆ ಅತ್ತಿದ್ದರು. ಕೆಲವು ವರ್ಷಗಳ ಅನಂತರ ಗುರುಗಳು ಸುಖವಾಗಿ ಹಿಂದಿರುಗಿದರು. ನಾವೆಲ್ಲ ಮುತ್ತಿಕೊಂಡು ಪ್ರಶ್ನೆಗಳ ಮಳೆ ಸುರಿಸಿದಾಗ ಅವರು ನಕ್ಕು, “ನೀವು ಆಫ್ರಿಕದ ವಿಷಯವಾಗಿ ಕೇಳುತ್ತಿರುವ ಪ್ರಶ್ನೆಗಳನ್ನೇ ಅಲ್ಲಿಯ ಮಕ್ಕಳು ಇಂಡಿಯಾದ ವಿಷಯವಾಗಿ ನನ್ನನ್ನು ಕೇಳಿದರು. ನಿಮ್ಮ ಊರಿನಲ್ಲಿ ಎಲ್ಲರೂ ಹಾವಾಡಿಗರೇ ಎಂದು ಒಬ್ಬ ಹುಡುಗ ಕೇಳಿದ. ತಿಳಿಯದಿರುವುದು ತಪ್ಪಲ್ಲ, ತಿಳಿಯದೆ ಹೆದರುವುದು ತಪ್ಪು” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಭಯವೇ ಬೇರೆ, ಎಚ್ಚರವೇ ಬೇರೆ. ಭಯ ನಮ್ಮನ್ನು ಮನೆಯಲ್ಲಿ ಕಟ್ಟಿಹಾಕುತ್ತದೆ. ಎಚ್ಚರ ನಮ್ಮನ್ನು ಕೈಹಿಡಿದು ನಡೆಸುತ್ತದೆ. ಭಯವನ್ನು ಎಚ್ಚರವಾಗಿ ಮಾರ್ಪಡಿಸುವ ಸಾಧನ ತಿಳಿವಳಿಕೆಯೊಂದೇ. ಆದ್ದರಿಂದ ನಮ್ಮ ಸಿದ್ಧತೆಯನ್ನು ಪೆಟ್ಟಿಗೆಯಿಂದಲ್ಲ, ಭೂಪಟದಿಂದ ಆರಂಭಿಸಿದೆವು.

ಲಾಗೋಸ್ ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿ, ದೊಡ್ಡದೊಂದು ಹಿನ್ನೀರಿನ ಸುತ್ತ ಹರಡಿಕೊಂಡಿರುವ ನಗರ. ಪೋರ್ಚುಗೀಸರ ಭಾಷೆಯಲ್ಲಿ ‘ಲಾಗೋಸ್’ ಎಂದರೆ ಸರೋವರಗಳು. ಅಲ್ಲಿನ ಯೊರುಬಾ ಜನರು ತಮ್ಮ ನಗರವನ್ನು ಇಂದಿಗೂ ‘ಎಕೊ’ ಎಂದೇ ಕರೆಯುತ್ತಾರೆ. ಒಂದು ಕಾಲಕ್ಕೆ ಇದು ಗುಲಾಮರ ವ್ಯಾಪಾರದ ರೇವಾಗಿತ್ತು. 1851ರಲ್ಲಿ ಬ್ರಿಟಿಷರು ಇದರ ಮೇಲೆ ದಾಳಿ ಮಾಡಿದರು. 1861ರಲ್ಲಿ ತಮ್ಮ ವಸಾಹತನ್ನಾಗಿ ಮಾಡಿಕೊಂಡರು. 1960ರ ಅಕ್ಟೋಬರ್ 1ರಂದು ನೈಜೀರಿಯಾ ಸ್ವತಂತ್ರವಾದಾಗ ಲಾಗೋಸೇ ಅದರ ರಾಜಧಾನಿಯಾಗಿತ್ತು. 1991ರಲ್ಲಿ ರಾಜಧಾನಿ ಅಬುಜಾ ನಗರಕ್ಕೆ ಹೋಯಿತು. ಆದರೆ ಜನರೂ ವ್ಯಾಪಾರವೂ ಲಾಗೋಸನ್ನು ಬಿಟ್ಟು ಹೋಗಲಿಲ್ಲ. 1950ರಲ್ಲಿ ಸುಮಾರು 3 ಲಕ್ಷ ಜನರಿದ್ದ ಈ ಊರಿನಲ್ಲಿ ಇಂದು ಒಂದೂವರೆ ಕೋಟಿಗೂ ಹೆಚ್ಚು ಜನರಿದ್ದಾರೆಂದು ಅಂದಾಜು. ಅರಳಿಕಟ್ಟೆಯವರು ಹೇಳಿದ ಕಾಡು ಭೂಪಟದಲ್ಲಿ ಎಲ್ಲಿಯೂ ಕಾಣಲಿಲ್ಲ.

ಹೋಗುವ ಕಾಲವನ್ನು ಗೊತ್ತುಮಾಡುವುದು ಎರಡನೆಯ ಕೆಲಸ. ಲಾಗೋಸ್ ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಅಲ್ಲಿ ಚಳಿಗಾಲವೆಂಬುದಿಲ್ಲ. ಏಪ್ರಿಲಿನಿಂದ ಜುಲೈವರೆಗೆ ಭಾರಿ ಮಳೆ. ಜೂನ್ ತಿಂಗಳಲ್ಲಂತೂ ಬೀದಿಗಳು ಕಾಲುವೆಗಳಾಗುತ್ತವೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೊಮ್ಮೆ ಮಳೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸಹಾರಾ ಮರುಭೂಮಿಯ ಕಡೆಯಿಂದ ‘ಹರ್ಮಟ್ಟನ್’ ಎಂಬ ಒಣಗಾಳಿ ಧೂಳನ್ನು ಹೊತ್ತು ಬೀಸುತ್ತದೆ. ಮಳೆಗಿಂತ ಧೂಳೇ ಮೇಲೆಂದು, ಕ್ರಿಸ್‌ಮಸ್ ಹಬ್ಬದ ನೂಕುನುಗ್ಗಲು ಕಳೆದ ಬಳಿಕ, ಜನವರಿಯ ಕೊನೆಯ ವಾರವನ್ನು ನಾವು ಆರಿಸಿಕೊಂಡೆವು.

ಪಾಸ್‌ಪೋರ್ಟ್, ವೀಸಾಗಳ ವಿಷಯ ನಿಮಗೆ ತಿಳಿದೇ ಇದೆ. ಅವುಗಳಷ್ಟೇ ಮುಖ್ಯವಾದ ಇನ್ನೊಂದು ಕಾಗದ ನೈಜೀರಿಯಾಕ್ಕೆ ಹೋಗುವವರಿಗೆ ಬೇಕು. ಅದು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಇದು ಕಾಮಾಲೆಯಲ್ಲ, ಸೊಳ್ಳೆಯಿಂದ ಹರಡುವ, ಪ್ರಾಣವನ್ನೇ ತೆಗೆಯಬಲ್ಲ ಬೇರೊಂದು ಜ್ವರ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿರುವ ಈ ರೋಗ ನಮ್ಮ ದೇಶದಲ್ಲಿ ಇಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ, ಅಂದರೆ ಡೆಂಗಿ ಜ್ವರವನ್ನು ಹರಡುವ ಅದೇ ಸೊಳ್ಳೆ, ನಮ್ಮ ಮನೆಯಂಗಳದ ನೀರಿನ ತೊಟ್ಟಿಯಲ್ಲಿಯೇ ಇದೆ. ರೋಗಾಣುವೊಂದು ಬಂದು ಸೇರಿತೆಂದರೆ ಸಾಕು. ಆದಕಾರಣ ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಹಿಂದಿರುಗುವವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿಯೇ ತಡೆದು ಆರು ದಿನಗಳವರೆಗೆ ಬೇರೆ ಇರಿಸುವ ನಿಯಮವಿದೆ. ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡ ಹತ್ತು ದಿನಗಳ ತರುವಾಯವೇ ಪತ್ರ ಊರ್ಜಿತವಾಗುತ್ತದೆ. 2016ರಿಂದ ಅದು ಜೀವಮಾನವಿಡೀ ಸಲ್ಲುತ್ತದೆ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಅಪಾಯದ ಸಂಭವ ಸ್ವಲ್ಪ ಹೆಚ್ಚು. ಆದ್ದರಿಂದ ನಾವಿಬ್ಬರೂ ಮೊದಲು ವೈದ್ಯರ ಬಳಿಗೆ ಹೋದೆವು. ಅವರು ನಮ್ಮ ಆರೋಗ್ಯವನ್ನೆಲ್ಲ ಪರೀಕ್ಷಿಸಿ, ಲಾಭನಷ್ಟಗಳನ್ನು ತೂಗಿ ನೋಡಿ ಒಪ್ಪಿಗೆ ಕೊಟ್ಟರು. ಮಲೇರಿಯಾ ಬಾರದಂತೆ ಮುಂಚಿತವಾಗಿ ನುಂಗಬೇಕಾದ ಮಾತ್ರೆಗಳನ್ನೂ ಬರೆದುಕೊಟ್ಟರು.

ಈ ಲಸಿಕೆಯ ಹಿಂದೆ ನೆನೆಯಬೇಕಾದ ಒಂದು ಕಥೆಯಿದೆ. 1927ರಲ್ಲಿ ವಿಜ್ಞಾನಿಗಳು, ಇಂದು ಘಾನಾ ಎಂಬ ಹೆಸರಿನ ದೇಶದಲ್ಲಿ, ಹಳದಿ ಜ್ವರದಿಂದ ನರಳುತ್ತಿದ್ದ ಅಸಿಬಿ ಎಂಬ ಆಫ್ರಿಕದವನ ರಕ್ತದಿಂದ ಈ ರೋಗದ ವೈರಸ್ಸನ್ನು ಬೇರ್ಪಡಿಸಿದರು. ಅಸಿಬಿ ಬದುಕಿಕೊಂಡ. ಆದರೆ ಲಾಗೋಸಿನ ಯಾಬಾ ಎಂಬಲ್ಲಿದ್ದ ಪ್ರಯೋಗಾಲಯದಲ್ಲಿ ಆ ಸಂಶೋಧನೆಯಲ್ಲಿ ತೊಡಗಿದ್ದ ಏಡ್ರಿಯನ್ ಸ್ಟೋಕ್ಸ್ ಎಂಬ ವೈದ್ಯ ಅದೇ ವರ್ಷ ಅದೇ ಜ್ವರಕ್ಕೆ ಬಲಿಯಾದ. ಅಸಿಬಿಯ ರಕ್ತದಲ್ಲಿ ದೊರೆತ ಆ ವೈರಸ್ಸನ್ನೇ ದುರ್ಬಲಗೊಳಿಸಿ ಮ್ಯಾಕ್ಸ್ ಥೈಲರ್ 1930ರ ದಶಕದಲ್ಲಿ ಲಸಿಕೆಯನ್ನು ರೂಪಿಸಿದ. ಅದಕ್ಕಾಗಿ ಅವನಿಗೆ 1951ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಜಗತ್ತಿನಲ್ಲಿ ಇಂದು ಹಾಕುವ ಹಳದಿ ಜ್ವರದ ಲಸಿಕೆಯೆಲ್ಲ ಆ ಮೂಲದಿಂದಲೇ ಬಂದದ್ದು. ಪಶ್ಚಿಮ ಆಫ್ರಿಕದ ರೋಗಕ್ಕೆ ಹೆದರಿ ನಾವು ತೋಳೊಡ್ಡಿದಾಗ, ನಮ್ಮನ್ನು ಕಾಯುವ ಮದ್ದು ಬಂದದ್ದೂ ಪಶ್ಚಿಮ ಆಫ್ರಿಕದ ಒಬ್ಬ ಸಾಮಾನ್ಯ ಮನುಷ್ಯನಿಂದ!

ಇನ್ನು ನಗರದೊಳಗಿನ ಓಡಾಟ. ಲಾಗೋಸಿನ ಒಂದು ಭಾಗ ಮುಖ್ಯ ಭೂಮಿಯಲ್ಲಿದೆ. ಇನ್ನೊಂದು ಭಾಗ ದ್ವೀಪಗಳಲ್ಲಿದೆ. ಇವನ್ನು ಮೂರು ದೊಡ್ಡ ಸೇತುವೆಗಳು ಕೂಡಿಸುತ್ತವೆ. ಅವುಗಳಲ್ಲಿ 1990ರಲ್ಲಿ ಪೂರ್ಣವಾದ ಸೇತುವೆ ಸುಮಾರು 12 ಕಿಲೋಮೀಟರು ಉದ್ದವಾಗಿ ಹಿನ್ನೀರಿನ ಮೇಲೆ ಹಾದುಹೋಗುತ್ತದೆ. ಬೆಳಿಗ್ಗೆ ಲಕ್ಷಾಂತರ ಜನರು ದ್ವೀಪದ ಕಡೆಗೆ ಹರಿಯುತ್ತಾರೆ, ಸಂಜೆ ಹಿಂದಕ್ಕೆ ಹರಿಯುತ್ತಾರೆ. ವಾಹನಗಳು ಗಂಟೆಗಟ್ಟಲೆ ಆಮೆಯಂತೆ ತೆವಳುತ್ತವೆ. ಹಳದಿ ಬಣ್ಣಕ್ಕೆ ಕಪ್ಪು ಪಟ್ಟೆ ಬಳಿದ ‘ಡಾನ್‌ಫೋ’ ಎಂಬ ಸಣ್ಣ ಬಸ್ಸುಗಳ ನಿರ್ವಾಹಕರು ಬಾಗಿಲಲ್ಲಿ ಜೋತುಬಿದ್ದು ಊರುಗಳ ಹೆಸರನ್ನು ಕೂಗುವುದನ್ನು ಕೇಳಿದರೆ, ನಮ್ಮ ಕಡೆಯ ಖಾಸಗಿ ಬಸ್ಸುಗಳ ನೆನಪಾಗುತ್ತದೆಂದು ಮಗಳು ಬರೆದಿದ್ದಳು. 2023ರಲ್ಲಿ ನಗರ ರೈಲಿನ ಮೊದಲ ಮಾರ್ಗವೂ ಅಲ್ಲಿ ಆರಂಭವಾಗಿದೆ. ಇದನ್ನೆಲ್ಲ ತಿಳಿದು, ಒಂದು ದಿನಕ್ಕೆ ನಗರದ ಒಂದು ಮಗ್ಗುಲು ಮಾತ್ರ ಎಂಬ ನಿಯಮ ಮಾಡಿಕೊಂಡೆವು: ಒಂದು ದಿನ ದ್ವೀಪದ ಬಲೊಗುನ್ ಪೇಟೆ, ಒಂದು ದಿನ 1976ರಲ್ಲಿ ಕಟ್ಟಿದ ರಾಷ್ಟ್ರೀಯ ರಂಗಮಂದಿರ, ಒಂದು ದಿನ, ಗುಲಾಮರನ್ನು ಹಡಗಿಗೆ ಏರಿಸುತ್ತಿದ್ದ ಬಡಗ್ರಿ ಎಂಬ ಪಡುವಣ ರೇವು. ಹಿನ್ನೀರಿನಲ್ಲಿ ಕಂಬಗಳ ಮೇಲೆ ಮನೆ ಕಟ್ಟಿಕೊಂಡಿರುವ ಮಕೋಕೊ ಎಂಬ ಬೆಸ್ತರ ನೆಲೆಯನ್ನೂ ನೋಡುವ ಆಸೆಯಾಯಿತು. ಮಗಳು ಬೇಡವೆಂದಳು: “ಅಪ್ಪಾ, ನಮ್ಮ ಊರಿನ ಬಡವರ ಮನೆಯ ಮುಂದೆ ನಿಂತು ಯಾರಾದರೂ ಚಿತ್ರ ತೆಗೆದರೆ ನಿಮಗೆ ಹೇಗನ್ನಿಸುತ್ತದೆ?” ನನ್ನ ಬಳಿ ಉತ್ತರವಿರಲಿಲ್ಲ. ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ದೋಚುವವರ ಮಾತು ಪೂರ್ತಿ ಸುಳ್ಳೆಂದೂ ಹೇಳಲಾಗದು. ಕೋಟಿ ಜನರ ನಗರದಲ್ಲಿ ಕಳ್ಳರೂ ಇರುತ್ತಾರೆ. ಅದಕ್ಕೆ ತಕ್ಕ ಎಚ್ಚರಗಳನ್ನು ಬರೆದಿಟ್ಟುಕೊಂಡೆವು: ವಿಮಾನ ನಿಲ್ದಾಣಕ್ಕೆ ಪರಿಚಿತರೇ ಬಂದು ಕರೆದೊಯ್ಯಬೇಕು, ಕತ್ತಲಾದ ಮೇಲೆ ಓಡಾಟ ಬೇಡ, ಒಡವೆ ಊರಿನಲ್ಲೇ ಇರಲಿ, ಪತ್ರಗಳ ಪ್ರತಿಗಳು ಬೇರೊಂದು ಚೀಲದಲ್ಲಿರಲಿ, ಅಲ್ಲಿಯ ನಾಣ್ಯವಾದ ನೈರಾವನ್ನು ಬೀದಿಯಲ್ಲಿ ಬದಲಾಯಿಸಿಕೊಳ್ಳುವುದು ಬೇಡ. ನನ್ನ ಪತ್ನಿ ಪಟ್ಟಿಯನ್ನು ಓದಿ, “ನಾವು ಬೆಂಗಳೂರಿಗೆ ಹೋಗುವಾಗಲೂ ಇದನ್ನೇ ಅಲ್ಲವೆ ಮಾಡುವುದು?” ಎಂದರು.

ಪರನಾಡಿಗೆ ಹೋಗುವವರು ಅಲ್ಲಿಯ ನಾಲ್ಕು ನುಡಿಗಳನ್ನಾದರೂ ಕಲಿಯಬೇಕು. ನೈಜೀರಿಯಾದ ಆಡಳಿತ ಭಾಷೆ ಇಂಗ್ಲಿಷ್. ಬೀದಿಯಲ್ಲಿ ಆಡುವುದು ಇಂಗ್ಲಿಷಿನಿಂದ ಹುಟ್ಟಿದ ಪಿಜಿನ್ ಎಂಬ ನುಡಿ. ಲಾಗೋಸಿನ ಮಣ್ಣಿನ ಭಾಷೆ ಯೊರುಬಾ. ಯೊರುಬಾದಲ್ಲಿ ಬೆಳಗಿನ ವಂದನೆಯನ್ನು ಕಿರಿಯರಿಗೆ ‘ಕಾರೊ’ ಎಂದೂ ಹಿರಿಯರಿಗೆ ‘ಎ ಕಾರೊ’ ಎಂದೂ ಹೇಳುತ್ತಾರೆ. ಆ ‘ಎ’ ಎಂಬುದು ನಮ್ಮ ‘ನೀವು’ ಎಂಬುದರಂತೆ ಗೌರವಸೂಚಕ ಬಹುವಚನ. ಹಿರಿಯರನ್ನು ಕಂಡರೆ ಹುಡುಗಿಯರು ಮೊಣಕಾಲೂರುವುದು, ಹುಡುಗರು ನೆಲಕ್ಕೆ ಬಾಗಿ ನಮಸ್ಕರಿಸುವುದು ಅಲ್ಲಿಯ ಸಂಪ್ರದಾಯ. ಎಡಗೈಯಿಂದ ಏನನ್ನೂ ಕೊಡಬಾರದು. ಇವನ್ನು ಕೇಳಿದ ನನ್ನ ಪತ್ನಿಗೆ ಅರ್ಧ ಭಯ ಅಲ್ಲಿಯೇ ಕಳೆಯಿತು.

ಉಳಿದರ್ಧ ಕಳೆದದ್ದು ಊಟದ ವಿಷಯ ತಿಳಿದಾಗ. ಮರಗೆಣಸಿನ ಹಿಟ್ಟಿನಿಂದಲೋ ಕುಟ್ಟಿದ ಗೆಣಸಿನಿಂದಲೋ ಅಲ್ಲಿಯವರು ಮುದ್ದೆ ಮಾಡುತ್ತಾರೆ. ಬಲಗೈಯಿಂದ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ಅಲಸಂದೆ ಕಾಳನ್ನು ನೆನೆಸಿ ರುಬ್ಬಿ ‘ಅಕಾರಾ’ ಎಂಬ ವಡೆಯನ್ನು ಕರಿಯುತ್ತಾರೆ. ಅಲಸಂದೆ ಪಶ್ಚಿಮ ಆಫ್ರಿಕದಲ್ಲಿ ಬಹು ಹಿಂದೆಯೇ ಬೇಸಾಯಕ್ಕೆ ಒಗ್ಗಿದ ಬೆಳೆ. ಅಷ್ಟೇಕೆ, ಕೋಲಾರ ಸೀಮೆಯ ಪ್ರಾಣವಾದ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಬಂದಿತು. ನಾವು ಆಫ್ರಿಕವನ್ನು ಕಾಣದಿದ್ದರೂ ಅದು ದಿನವೂ ನಮ್ಮ ತಟ್ಟೆಯಲ್ಲಿದೆ.

ಇಷ್ಟಾದ ಮೇಲೂ ಒಂದು ಯೋಚನೆ ನನ್ನನ್ನು ಕಾಡಿತು. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಯಾರೋ ಮಾಡಿದ ಅಪಘಾತದ ಸಿಟ್ಟಿನಿಂದ, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾ ದೇಶದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಆಕೆಯೂ ಆಫ್ರಿಕದವಳು ಎಂಬುದೇ ಆಕೆಯ ತಪ್ಪಾಗಿತ್ತು. ಆಕೆಯ ತಂದೆತಾಯಿಗಳೂ ಹೊರಡುವ ಮುನ್ನ ಮಗಳಿಗೆ ನೂರು ಎಚ್ಚರಗಳನ್ನು ಹೇಳಿರಬೇಕು. ನನ್ನ ಮಗಳನ್ನು ಅವಳ ನೆರೆಹೊರೆಯವರು ಕಾಪಾಡುತ್ತಿರುವಾಗ, ನಮ್ಮಲ್ಲಿಗೆ ಓದಲು ಬಂದ ಅವರ ಮಕ್ಕಳನ್ನು ನಾವು ಹೇಗೆ ನೋಡಿಕೊಂಡೆವು? ತಿಳಿಯದೆ ಹೆದರುವವನು ಎಲ್ಲರಿಗಿಂತ ಮೊದಲು ಕೈಯೆತ್ತುತ್ತಾನೆ ಎಂಬುದು ಆಗ ನನಗೆ ಮನದಟ್ಟಾಯಿತು. ಗುರುಗಳು ಅಂದು ಹೇಳಿದ ಮಾತಿಗೆ ಇಷ್ಟು ಆಳವಿದೆಯೆಂದು ಮೊದಲು ತಿಳಿದಿರಲಿಲ್ಲ.

ಹೊರಡುವ ಹಿಂದಿನ ದಿನ ಗಣಪನ ಸನ್ನಿಧಿಗೆ ಹೋಗಿ ಬಂದೆವು. ಅರಳಿಕಟ್ಟೆಯವರು ಎಂದಿನಂತೆ ಕುಳಿತಿದ್ದರು. ಈ ಬಾರಿ ನಾನು ಅವರಿಗೆ ಅಸಿಬಿಯ ಕಥೆಯನ್ನೂ ಅಲಸಂದೆ ವಡೆಯ ಕಥೆಯನ್ನೂ ಹೇಳಿದೆ. ಅವರು ಸುಮ್ಮನೆ ಕೇಳಿದರು. ಕೊನೆಗೆ ಅವರಲ್ಲಿ ಹಿರಿಯರೊಬ್ಬರು ಮನೆಗೆ ಹೋಗಿ ಒಂದು ಸಣ್ಣ ಗಂಟನ್ನು ತಂದು ನನ್ನ ಕೈಗಿಟ್ಟು, “ಮೇಷ್ಟ್ರೇ, ಹೊಸ ರಾಗಿ ಹಿಟ್ಟು. ಮಗಳಿಗೆ ಮಾತ್ರವಲ್ಲ, ಅವಳ ಪಕ್ಕದ ಮನೆಯವರಿಗೂ ಒಂದು ಮುದ್ದೆ ಮಾಡಿಕೊಡಿ” ಎಂದರು. ನಮ್ಮ ಪೆಟ್ಟಿಗೆಯಲ್ಲಿ ಕೊನೆಯದಾಗಿ ಸೇರಿದ ವಸ್ತು ಅದೇ.