ಕಬ್ಬಿನ ಸೀಮೆಯ ಕಾರುಗಳು, ಕಾರಿನವರ ತಕರಾರುಗಳು

ಪಂಚಗಂಗೆಯ ದಂಡೆಯಿಂದ ಘಟಪ್ರಭೆಯ ಕಣಿವೆಯವರೆಗೆ ಹಬ್ಬಿರುವ ಕಬ್ಬಿನ ಸೀಮೆಯಲ್ಲಿ, ಅಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಹಾಗೂ ಚಂದಗಡ ತಾಲ್ಲೂಕಿನ ಕೋವಾಡದಂಥ ಊರುಗಳಲ್ಲಿ, ವಾಹನಗಳ ಮೇಲೆ ಪ್ರೀತಿಯುಳ್ಳ ನಾಲ್ಕು ಜನ ಕೂಡಿದರೆಂದರೆ ಮಾತು ಗಾಡಿಯ ಅಂದಚಂದದಿಂದ ಆರಂಭವಾಗಿ ಬಹುಬೇಗ ಅದರ ತಕರಾರುಗಳತ್ತ ಹೊರಳುತ್ತದೆ. ಗಾಡಿ ಕೊಂಡವನು ಮೈಲೇಜು ಹೇಳುವಾಗ ಐದು ಕೂಡಿಸುತ್ತಾನೆ, ಅದೇ ಗಾಡಿ ಮಾರುವಾಗ ಓಡಿದ ಕಿಲೋಮೀಟರಿನಲ್ಲಿ ಐವತ್ತು ಸಾವಿರ ಕಳೆಯುತ್ತಾನೆ ಎಂಬಂಥ ಚೇಷ್ಟೆಯ ಮಾತುಗಳ ನಡುವೆಯೇ, ಯಾವ ಗಾಡಿಯ ಕ್ಲಚ್ಚು ಎಷ್ಟು ದಿನ ಬಾಳಿತು, ಯಾವ ಬಿಡಿಭಾಗ ನಕಲಿ, ಯಾವ ಮೇಸ್ತ್ರಿಯ ಕೈ ಚೆನ್ನ ಎಂಬ ಖಚಿತ ಮಾಹಿತಿಯೂ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಹೊರಗಿನವರಿಗೆ ಕಾಲಹರಣದಂತೆ ಕಾಣುವ ಈ ಗೊಣಗಾಟವು ವಾಸ್ತವದಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ನಡುವಿನ ಈ ಗಡಿಸೀಮೆಯ ಯಂತ್ರಜ್ಞಾನವನ್ನು ಜೀವಂತವಾಗಿಟ್ಟಿರುವ ಸಾಧನಗಳಲ್ಲಿ ಒಂದಾಗಿದ್ದು, ಅದಕ್ಕೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ.

ಈ ಸೀಮೆಯಲ್ಲಿ ದುರಸ್ತಿಯೆಂಬುದು ತಯಾರಿಕೆಯ ಮೊದಲ ಮೆಟ್ಟಿಲಾಗಿ ಬಂದಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿಯನ್ನು. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಎಂದು ಮುಂದುವರಿದು, 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದ ಮೇಲೆ, ಮಗ್ಗದ ಸದ್ದು ಕೇಳಿಯೇ ದೋಷ ಹೇಳಬಲ್ಲ ಜಾಬರ್‌ಗಳ ವರ್ಗವೊಂದು, ಅಂದರೆ ಮಗ್ಗಗಳನ್ನು ಸರಿಪಡಿಸುವುದನ್ನೇ ಕಸುಬು ಮಾಡಿಕೊಂಡವರ ವರ್ಗ, ಆ ಊರಿನಲ್ಲಿ ಬೆಳೆಯಿತು. ಕೊಲ್ಹಾಪುರದ ಉದ್ಯಮನಗರ, ಶಿರೋಳಿ ಮತ್ತು ಗೋಕುಳ ಶಿರಗಾಂವಗಳ ಎರಕದ ಕಾರ್ಖಾನೆಗಳು ಇಂದು ದೇಶದ ಕಾರು, ಲಾರಿ, ಟ್ರ್ಯಾಕ್ಟರು ಕಂಪನಿಗಳಿಗೆ ಎಂಜಿನ್ನಿನ ಭಾಗಗಳನ್ನು ಎರಕ ಹೊಯ್ದು ಕಳಿಸುತ್ತವೆ. ಆದ್ದರಿಂದ ಇಲ್ಲಿ ಎಂಜಿನ್ನಿನ ಬಗ್ಗೆ ದೂರುವ ಮನುಷ್ಯನ ಅಣ್ಣನೋ ಅಳಿಯನೋ ಅದೇ ಎಂಜಿನ್ನಿನ ಸಿಲಿಂಡರ್ ಬ್ಲಾಕನ್ನು ಮರಳಚ್ಚಿನಿಂದ ಹೊರತೆಗೆದವನಾಗಿರುವ ಸಂಭವವಿದೆ, ಮತ್ತು ದೂರಿಗೆ ಒಂದು ತೂಕ ಬರುವುದು ಅದರಿಂದಲೇ. ದಸರೆಯ ದಿನ ಕೊಲ್ಹಾಪುರದ ಛತ್ರಪತಿ ಮನೆತನದವರು ತಮ್ಮ ಹಳೆಯ ಮೇಬ್ಯಾಕ್ ಕಾರಿನಲ್ಲಿ ದಸರಾ ಚೌಕಕ್ಕೆ ಬರುವಾಗ, ಗುಂಪಿನಲ್ಲಿ ಒಂದಿಷ್ಟು ಜನರ ಕಣ್ಣು ಅರಸರಿಗಿಂತ ಹೆಚ್ಚಾಗಿ ಗಾಡಿಯ ಮೇಲೆಯೇ ನೆಟ್ಟಿರುವುದಕ್ಕೂ ಈ ಹಿನ್ನೆಲೆಯೇ ಕಾರಣ.

ತಕರಾರನ್ನು ಹೇಳುವುದರಲ್ಲಿಯೂ ಒಂದು ಶಿಸ್ತಿದೆ. ‘ಗಾಡಿ ಜಗ್ಗವಲ್ದು’, ಅಂದರೆ ಎಳೆಯುತ್ತಿಲ್ಲ, ಎಂದಷ್ಟೇ ಹೇಳಿದರೆ ಅನುಭವಿ ಮೇಸ್ತ್ರಿಗೆ ಸಾಲದು. ಏರಿನಲ್ಲಿ ಮಾತ್ರವೋ ಸಪಾಟು ರಸ್ತೆಯಲ್ಲಿಯೂ ಹಾಗೆಯೋ, ಎಂಜಿನ್ ಬಿಸಿಯಾದ ಮೇಲೋ ಬೆಳಗಿನ ಥಂಡಿಯಲ್ಲೋ, ಎಂಜಿನ್ನಿನ ವೇಗ ಏರಿಯೂ ಗಾಡಿಯ ವೇಗ ಏರುವುದಿಲ್ಲವೋ ಎಂದು ಅವನು ಕೇಳುತ್ತಾನೆ, ಏಕೆಂದರೆ ಕೊನೆಯದು ಕ್ಲಚ್ಚು ಜಾರುವ ಲಕ್ಷಣ, ಉಳಿದವು ಹೆಚ್ಚಾಗಿ ಇಂಧನದ ಇಲ್ಲವೆ ಕಿಡಿಯ ದೋಷಗಳು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲ್ಮುಚ್ಚಳಕ್ಕೆ ತಾಗಿಸಿ, ಹಿಡಿಕೆಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವ ಮೇಸ್ತ್ರಿಯು ಲೋಹದ ಮೂಲಕ ಹರಿದುಬರುವ ಸದ್ದುಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಾನೆ: ಟಿಕ್ ಟಿಕ್ ಎಂಬ ಹಗುರ ಸದ್ದು ಟ್ಯಾಪೆಟ್ಟಿನದು, ಅಂದರೆ ಗಾಳಿ ಮತ್ತು ಹೊಗೆಯ ದಾರಿಗಳನ್ನು ತೆರೆದು ಮುಚ್ಚುವ ಕವಾಟಕ್ಕೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು ಅಗಲವಾದದ್ದರಿಂದ ಹುಟ್ಟುವುದು, ಅದಕ್ಕಿಂತ ಆಳದಿಂದ ಬರುವ ಭಾರವಾದ ಬಡಿತ ಬೇರಿಂಗಿನದು. ಮೊದಲನೆಯದು ಒಂದು ಗಂಟೆಯ ಕೆಲಸವಾದರೆ ಎರಡನೆಯದು ಎಂಜಿನ್ ಬಿಚ್ಚಿಸುವ ಕೆಲಸ. ಬಳಿಕ ಸ್ಪಾರ್ಕ್ ಪ್ಲಗ್ಗನ್ನು, ಅಂದರೆ ಪೆಟ್ರೋಲ್ ಹಬೆಗೆ ಕಿಡಿ ಹಚ್ಚುವ ಬಿಡಿಭಾಗವನ್ನು, ಕಳಚಿ ನೋಡಿದರೆ ಉಳಿದ ಕಥೆ ತಿಳಿಯುತ್ತದೆ: ತುದಿ ತಿಳಿಗಂದು ಬಣ್ಣದ್ದಾಗಿದ್ದರೆ ಉರಿ ಸರಿಯಿದೆ, ಮಸಿ ಹಿಡಿದಿದ್ದರೆ ಇಂಧನ ಅತಿಯಾಗಿದೆ, ಬೆಳ್ಳಗೆ ಸುಟ್ಟಂತಿದ್ದರೆ ಇಂಧನ ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ.

ಈ ಬಿಳಿಯ ಪ್ಲಗ್ಗುಗಳ ಮಾತೇ ಇತ್ತೀಚಿನ ವರ್ಷಗಳಲ್ಲಿ ಹಳೆಯ ಗಾಡಿಗಳ ಒಡೆಯರನ್ನು ಹೆಚ್ಚು ಕಾಡಿರುವ ವಿಷಯಕ್ಕೆ ತಂದು ನಿಲ್ಲಿಸುತ್ತದೆ. ಪೆಟ್ರೋಲಿಗೆ ಎಥೆನಾಲ್ ಎಂಬ ಮದ್ಯಸಾರವನ್ನು ಬೆರೆಸುವ ಕೇಂದ್ರ ಸರ್ಕಾರದ ಯೋಜನೆ 2003ರಲ್ಲಿ ಶೇ 5ರ ಗುರಿಯೊಂದಿಗೆ ಆರಂಭವಾಗಿ, ಶೇ 10ರ ಮಟ್ಟವನ್ನು 2022ರಲ್ಲಿ ಮುಟ್ಟಿತು. ಶೇ 20 ಎಥೆನಾಲ್ ಬೆರೆತ, ‘ಇ20’ ಎಂದು ಕರೆಯಲಾಗುವ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಮೊದಲು 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಮುಂಚಿತಗೊಳಿಸಿ 2025ರ ಹೊತ್ತಿಗೆ ದೇಶದಾದ್ಯಂತ ಅದನ್ನೇ ಸಾಮಾನ್ಯ ಪೆಟ್ರೋಲನ್ನಾಗಿಸಲಾಯಿತು. ಈ ಎಥೆನಾಲ್ ತಯಾರಾಗುವುದು ಕಬ್ಬಿನ ರಸ, ಸಕ್ಕರೆ ತೆಗೆದು ಉಳಿದ ಕಾಕಂಬಿ, ಮೆಕ್ಕೆಜೋಳ ಮತ್ತು ಹಾಳಾದ ಧಾನ್ಯಗಳಿಂದ. ಹೀಗಾಗಿ ಗಡಹಿಂಗ್ಲಜ ಅಥವಾ ಸಂಕೇಶ್ವರದ ಕಡೆಯ ಕಾರು ಪ್ರಿಯನು ಬಹುಮಟ್ಟಿಗೆ ಕಬ್ಬು ಬೆಳೆಗಾರನೂ ಆಗಿದ್ದು, ತನ್ನ ಹೊಲದ ಬೆಳೆಯೇ ತನ್ನ ಗಾಡಿಯ ಟ್ಯಾಂಕಿಗೆ ತಿರುಗಿ ಬಂದು ತೊಂದರೆ ಕೊಡುತ್ತಿದೆಯೇ ಎಂದು ಯೋಚಿಸಬೇಕಾದ ವಿಚಿತ್ರ ಸ್ಥಿತಿಯಲ್ಲಿದ್ದಾನೆ. ಕಾರ್ಖಾನೆಯ ಬಾಕಿ ತಡವಾದಾಗ, ಕಬ್ಬಿನ ರೊಕ್ಕ ಬ್ಯಾಂಕಿಗೆ ಬರುವ ಮೊದಲೇ ಕಬ್ಬು ಟ್ಯಾಂಕಿಗೆ ಬಂತು ಎಂಬಂಥ ಮಾತು ಇಲ್ಲಿ ನಗೆಯೆಬ್ಬಿಸುವುದು ಸಹಜವೇ.

ಈ ತಕರಾರಿನಲ್ಲಿ ನಿಜವೆಷ್ಟು, ಭಯವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸರಿಸುಮಾರು ಮೂರನೆಯ ಒಂದು ಪಾಲು ಕಡಿಮೆ. ಹಾಗಾಗಿ ಐದನೆಯ ಒಂದು ಪಾಲು ಎಥೆನಾಲ್ ಬೆರೆತಾಗ ಒಟ್ಟು ಶಕ್ತಿ ಶೇ 6ರಿಂದ 7ರಷ್ಟು ಇಳಿಯುವುದು ಕೇವಲ ಲೆಕ್ಕದ ಮಾತು. ನೀತಿ ಆಯೋಗದ ತಜ್ಞರ ಸಮಿತಿಯ 2021ರ ವರದಿಯೂ ಶುದ್ಧ ಪೆಟ್ರೋಲಿಗೆಂದು ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಇಂಧನ ಕ್ಷಮತೆ ಶೇ 6ರಿಂದ 7ರಷ್ಟು, ಅಂಥದೇ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದ ಹಳೆಯ ಕಾರು 14 ಕೊಟ್ಟರೆ ಒಡೆಯನ ದೂರು ನ್ಯಾಯವಾದದ್ದು. ಆದರೆ ಅದೇ ಕಾರು 10ಕ್ಕೆ ಇಳಿದಿದ್ದರೆ ಎಥೆನಾಲಿನ ಮೇಲೆ ಹೊರೆ ಹೊರಿಸದೆ ಟೈರಿನ ಗಾಳಿ, ಹಿಡಿದುಕೊಂಡೇ ಉಳಿದ ಬ್ರೇಕು, ಕೊಳೆತುಂಬಿದ ಗಾಳಿಶೋಧಕಗಳನ್ನು ಮೊದಲು ಪರೀಕ್ಷಿಸುವುದು ಒಳ್ಳೆಯದು.

ಮೈಲೇಜಿಗಿಂತ ಗಂಭೀರವಾದದ್ದು ಬೇರೆಯಿದೆ. ಎಥೆನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತಿರುವುದರಿಂದ ಅದನ್ನು ಉರಿಸಲು ಕಡಿಮೆ ಗಾಳಿ ಸಾಕು. ಈಗಿನ ಕಾರುಗಳಲ್ಲಿ ಹೊಗೆಯೊಳಗಿನ ಆಮ್ಲಜನಕವನ್ನು ಅಳೆದು ಇಂಧನವನ್ನು ತಾನೇ ಹೆಚ್ಚುಕಡಿಮೆ ಮಾಡುವ ಸಂವೇದಕವಿದ್ದರೆ, ಕಾರ್ಬ್ಯುರೇಟರ್ ಎಂಬ ಹಳೆಯ ಸಾಧನವು ನಿಶ್ಚಿತ ಅಳತೆಯ ರಂಧ್ರದಿಂದಲೇ ಇಂಧನ ಬಿಡುವುದರಿಂದ ಅದಕ್ಕೆ ಈ ವ್ಯತ್ಯಾಸ ತಿಳಿಯದು. ಉರಿಗೆ ಗಾಳಿ ಹೆಚ್ಚಾಗಿ ಎಂಜಿನ್ ಬಿಸಿಯೇರುತ್ತದೆ, ಪ್ಲಗ್ಗು ಬಿಳಿಚುತ್ತದೆ. ಹಳೆಯ ರಬ್ಬರಿನ ಕೊಳವೆ ಮತ್ತು ವಾಷರುಗಳು ಉಬ್ಬಿ ಬಿರಿಯುತ್ತವೆ. ವರ್ಷಗಟ್ಟಲೆ ಟ್ಯಾಂಕಿನ ಗೋಡೆಗೆ ಅಂಟಿದ್ದ ಕೊಳೆಯನ್ನು ಎಥೆನಾಲ್ ಸಡಿಲಿಸುವುದರಿಂದ ಮೊದಲ ಕೆಲವು ಟ್ಯಾಂಕುಗಳಲ್ಲೇ ಫಿಲ್ಟರ್ ಕಟ್ಟಿಕೊಂಡು ಗಾಡಿ ನಡುದಾರಿಯಲ್ಲಿ ನಿಲ್ಲುವುದುಂಟು. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಮತ್ತು ಇದನ್ನು ಯಾರು ಬೇಕಾದರೂ ಗಾಜಿನ ಅಳತೆಯ ಕೊಳವೆಯೊಂದರಲ್ಲಿ ನೋಡಬಹುದು: 10 ಮಿಲಿಲೀಟರ್ ನೀರಿನ ಮೇಲೆ 100 ಮಿಲಿಲೀಟರ್ ಪೆಟ್ರೋಲ್ ಸುರಿದು, ಬೆಂಕಿಯಿಂದ ದೂರದಲ್ಲಿ, ಚೆನ್ನಾಗಿ ಕುಲುಕಿ ಇಟ್ಟರೆ, ಪೆಟ್ರೋಲಿನಲ್ಲಿದ್ದ ಎಥೆನಾಲ್ ನೀರಿನತ್ತ ಇಳಿದು, ತಳದಲ್ಲಿ 10ರ ಗೆರೆಯಲ್ಲಿದ್ದ ನೀರಿನ ಪದರ 30ರ ಗೆರೆಯ ಸಮೀಪಕ್ಕೆ ಏರಿ ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಗಾಡಿಯ ಟ್ಯಾಂಕಿಗೆ ನೀರು ಸೇರಿದರೆ ಆಗುವುದೂ ಇದೇ. ಟ್ಯಾಂಕಿನ ಅಡಿಯಿಂದ ಎಂಜಿನ್ನಿಗೆ ಹೋಗುವುದು ಪೆಟ್ರೋಲಾಗಿರದೆ ನೀರು ಮತ್ತು ಮದ್ಯಸಾರದ ಮಿಶ್ರಣವಾಗಿರುತ್ತದೆ. 2023ರ ಏಪ್ರಿಲಿನ ನಂತರ ತಯಾರಾದ ಗಾಡಿಗಳ ಭಾಗಗಳನ್ನು ಇ20ಕ್ಕೆ ತಾಳುವಂತೆ ಮಾಡಲಾಗಿದೆ, ಆದರೆ ಈ ಸೀಮೆಯ ರಸ್ತೆಗಳಲ್ಲಿ ಓಡುವ ಗಾಡಿಗಳಲ್ಲಿ ಬಹುಪಾಲು ಅದಕ್ಕಿಂತ ಹಳೆಯವು. ರೈತನಿಗೆ ಲಾಭವಾಗುವ ಯೋಜನೆಯೊಂದನ್ನು ವಿರೋಧಿಸುವ ಅಗತ್ಯವಿಲ್ಲ. ಹಳೆಯ ಗಾಡಿಯವನಿಗೆ ಕಡಿಮೆ ಮಿಶ್ರಣದ ಪೆಟ್ರೋಲನ್ನೂ ಆಯ್ದುಕೊಳ್ಳುವ ಅವಕಾಶ ಬಂಕಿನಲ್ಲಿ ಇರಬೇಕೆಂಬ ಬೇಡಿಕೆ ಮಾತ್ರ ನ್ಯಾಯಯುತವಾದದ್ದು.

ರಸ್ತೆಯ ಮೇಲಿನ ಕಿರಿಕಿರಿಗಳು ಎಲ್ಲ ಊರುಗಳಿಗೂ ಸಮಾನ. ಎದುರು ಬರುವವನ ಕಣ್ಣಿಗೆ ರಾಚುವ ಹೈಬೀಮ್ ದೀಪ, ಸಿಗ್ನಲ್ ಹಸಿರಾಗುವ ಮುನ್ನವೇ ಹಿಂದಿನಿಂದ ಮೊಳಗುವ ಹಾರ್ನ್, ಬಲಕ್ಕೆ ಸೂಚಿಸಿ ಎಡಕ್ಕೆ ತಿರುಗುವವರು ಎಲ್ಲೆಡೆಯೂ ಇದ್ದಾರೆ. ರಸ್ತೆಯ ಹಂಪಿನ ಬಗ್ಗೆ ಮಾತ್ರ ಒಂದು ವಿವರ ಹೇಳಬೇಕು: ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆಂದು ಮಾಡುವ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿದ್ದು ನಿಧಾನವಾಗಿ ಏರಿ ಇಳಿಯಬೇಕು. ಹಳ್ಳಿಯ ಮುಂದೆ ಒಂದೇ ರಾತ್ರಿಯಲ್ಲಿ ಏಳುವ ಗಿಡ್ಡ, ಚೂಪು ದಿಬ್ಬಗಳು ಆ ಅಗಲದ ಕಾಲುಭಾಗವೂ ಇರದ ಕಾರಣ ಕಾರಿನ ತಳವನ್ನು ಕೆರೆಯುತ್ತವೆ. ಕಬ್ಬು ನುರಿಸುವ ಹಂಗಾಮಿನಲ್ಲಿ, ಎರಡೆರಡು ಟ್ರೇಲರುಗಳನ್ನು ಜಗ್ಗಿಕೊಂಡು, ಹಿಂಬದಿಗೆ ದೀಪವಾಗಲಿ ಬೆಳಕು ಮರಳಿಸುವ ಪಟ್ಟಿಯಾಗಲಿ ಇಲ್ಲದೆ, ಮುಂದೆ ಮಾತ್ರ ಜೋರಾಗಿ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳು ಹಾಸ್ಯದ ಎಲ್ಲೆ ಮೀರಿದ ತಕರಾರು. ಇರುಳಿನಲ್ಲಿ ಅವುಗಳಿಗೆ ಹಿಂದಿನಿಂದ ಡಿಕ್ಕಿ ಹೊಡೆದು ಜೀವ ಕಳೆದುಕೊಂಡವರ ಸುದ್ದಿ ಹಂಗಾಮು ಬಂತೆಂದರೆ ಬರುತ್ತದೆ.

ಇನ್ನು ನೆರೆ. 2019ರ ಆಗಸ್ಟಿನಲ್ಲಿ ಕೊಲ್ಹಾಪುರದ ರಾಜಾರಾಮ ಬಂಧಾರೆ ಎಂಬ ಅಡ್ಡಗಟ್ಟೆಯ ಬಳಿ, ಅಪಾಯದ ಮಟ್ಟ 43 ಅಡಿ ಇರುವಲ್ಲಿ, ಪಂಚಗಂಗೆ 55 ಅಡಿ ದಾಟಿತು; 2021ರ ಜುಲೈಯಲ್ಲಿ ಅದನ್ನೂ ಮೀರಿತು. ಶಿರೋಳಿಯ ಬಳಿ ರಾಷ್ಟ್ರೀಯ ಹೆದ್ದಾರಿಯೇ ಮುಳುಗಿ ದಿನಗಟ್ಟಲೆ ಸಂಚಾರ ನಿಂತಿತು, ತಾಮ್ರಪರ್ಣಿಯ ದಂಡೆಯ ಕೋವಾಡದ ಪೇಟೆಗೂ ನೀರು ನುಗ್ಗಿತು. ನೀರಿನಲ್ಲಿ ನಿಂತ ಕಾರು ಹಾಳಾಗುವುದಕ್ಕಿಂತ ಹೆಚ್ಚಾಗಿ, ನೀರಿಳಿದ ಮೇಲೆ ಆತುರದಿಂದ ಚಾಲೂ ಮಾಡಿದ ಕಾರು ಹಾಳಾಗುತ್ತದೆ. ಎಂಜಿನ್ನಿನ ಪಿಸ್ಟನ್ನು ಗಾಳಿಯನ್ನು ಹತ್ತನೆಯ ಒಂದು ಭಾಗದಷ್ಟು ಜಾಗಕ್ಕೆ ಒತ್ತಬಲ್ಲದು, ಆದರೆ ನೀರು ಒತ್ತಡಕ್ಕೆ ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರಿದ್ದಾಗ ಕೀಲಿ ತಿರುವಿದರೆ ಪಿಸ್ಟನ್ನಿಗೂ ಕ್ರ್ಯಾಂಕಿಗೂ ಕೊಂಡಿಯಾದ ಕನೆಕ್ಟಿಂಗ್ ರಾಡು ಬಾಗುತ್ತದೆ ಇಲ್ಲವೆ ಮುರಿದು ಬ್ಲಾಕನ್ನೇ ಸೀಳುತ್ತದೆ. ಇದಕ್ಕೆ ಹೈಡ್ರೋಲಾಕ್ ಎನ್ನುತ್ತಾರೆ. ಬ್ಯಾಟರಿಯ ತಂತಿ ಕಳಚುವುದು, ಕೀಲಿಯನ್ನು ಮುಟ್ಟದೆ ಗಾಡಿಯನ್ನು ಎಳೆಸಿಕೊಂಡು ಹೋಗುವುದು, ಪ್ಲಗ್ಗು ಬಿಚ್ಚಿ ನೀರು ಹೊರಹಾಕಿಸುವುದು, ಎಣ್ಣೆ ಕೋಲಿನ ಮೇಲೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸುವುದು, ಇವು ಎರಡು ನೆರೆಗಳು ಈ ಸೀಮೆಯ ಜನಕ್ಕೆ ದುಬಾರಿಯಾಗಿ ಕಲಿಸಿದ ಪಾಠಗಳು. ಹೈಡ್ರೋಲಾಕಿನ ನಷ್ಟವನ್ನು ಸಾಮಾನ್ಯ ವಿಮೆ ಹೆಚ್ಚಾಗಿ ಭರಿಸುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿದವರಿಗೆ ಮಾತ್ರ ಅದು ಸಿಗುತ್ತದೆ.

ಆಜರಾ ದಾಟಿ ಅಂಬೋಲಿ ಘಾಟಿಗೋ, ಚಂದಗಡ ದಾಟಿ ತಿಲಾರಿ ಘಾಟಿಗೋ ಹೋಗುವವರ ತಕರಾರುಗಳು ಬೇರೆ ಬಗೆಯವು. ಏರಿನಲ್ಲಿ ಅರ್ಧ ಕ್ಲಚ್ಚು ಒತ್ತಿಹಿಡಿದು ಗಾಡಿಯನ್ನು ನಿಲ್ಲಿಸಿಕೊಳ್ಳುವ ಅಭ್ಯಾಸದಿಂದ ಕ್ಲಚ್ ಫಲಕ ಸುಟ್ಟು ವಾಸನೆ ಬರುತ್ತದೆ. ಇಳಿಜಾರಿನಲ್ಲಿ ಗೇರು ತಗ್ಗಿಸದೆ ಬರಿಯ ಬ್ರೇಕಿನ ಮೇಲೆ ಇಳಿದರೆ ಪೆಡಲು ಮೆತ್ತಗಾಗಿ ತಳ ಮುಟ್ಟುತ್ತದೆ. ಇದರ ಕಾರಣ ಬಹುಪಾಲು ಜನ ಎಂದೂ ಬದಲಿಸದ ಬ್ರೇಕ್ ಆಯಿಲಿನಲ್ಲಿದೆ. ಆ ದ್ರವವು ಗಾಳಿಯ ತೇವವನ್ನು ಹೀರುವಂಥದ್ದು. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ತೇವ ಹೀರಿದ ಮೇಲೆ 155 ಡಿಗ್ರಿಯ ಸುಮಾರಿಗೇ ಕುದಿಯಬಹುದು, ಕುದಿದಾಗ ಏಳುವ ಗುಳ್ಳೆಗಳು ಪಾದದ ಒತ್ತಡವನ್ನು ನುಂಗಿಬಿಡುತ್ತವೆ. ಮಹಾರಾಷ್ಟ್ರದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ತಾಣಗಳಲ್ಲೊಂದಾದ ಅಂಬೋಲಿಯ ಆಸುಪಾಸಿನಲ್ಲಿ ಗಾಡಿ ಓಡಿಸುವವರು ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸುವುದು ಅಗತ್ಯ, ಮತ್ತು ಏರುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಚಾಲಕರ ನಿಯಮವನ್ನು ಪಾಲಿಸುವುದು ಅದಕ್ಕಿಂತ ಅಗತ್ಯ.

ಕೊನೆಗೆ ಗಡಿಯವರಿಗೆಂದೇ ಮೀಸಲಾದ ತಕರಾರೊಂದಿದೆ. ಕೋವಾಡದವರಿಗೆ ಕೊಲ್ಹಾಪುರಕ್ಕಿಂತ ಬೆಳಗಾವಿ ಹತ್ತಿರ. ಗಾಡಿ ಕೊಳ್ಳಲು, ಸಾಮಾನು ತರಲು, ದೊಡ್ಡ ದುರಸ್ತಿಗೆ ಅಲ್ಲಿಗೇ ಹೋಗುವವರು ಬಹಳ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು, ಅದಕ್ಕೆ ಮೊದಲ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು, ಎರಡನೆಯ ರಾಜ್ಯದ ತೆರಿಗೆಯನ್ನು ಕಟ್ಟಿದ ಮೇಲೆ ಮೊದಲ ರಾಜ್ಯದಲ್ಲಿ ಕಟ್ಟಿದ್ದರ ಉಳಿಕೆಯನ್ನು ಅರ್ಜಿ ಹಾಕಿ ಮರಳಿ ಪಡೆಯಬೇಕು. ದಿನವೂ ಗಡಿ ದಾಟಿ ಸಂಜೆಗೆ ಮನೆಗೆ ಮರಳುವ ಗಾಡಿಗೆ ಈ ಕಲಮು ಅನ್ವಯಿಸದಿದ್ದರೂ, ಕೆಎ 22ರ ಫಲಕ ಹೊತ್ತು ಚಂದಗಡದ ರಸ್ತೆಯಲ್ಲಿ, ಎಂಎಚ್ 09ರ ಫಲಕ ಹೊತ್ತು ಬೆಳಗಾವಿಯ ಪೇಟೆಯಲ್ಲಿ ಓಡುವವರು, ತಪಾಸಣೆಯವರು ತಡೆದು ನಿಲ್ಲಿಸಿದಾಗಲೆಲ್ಲ, ಅದನ್ನು ವಿವರಿಸಿ ಹೇಳಬೇಕಾಗುತ್ತದೆ. 2021ರಲ್ಲಿ ಬಂದ, ಎಲ್ಲ ರಾಜ್ಯಗಳಲ್ಲೂ ನಡೆಯುವ ಬಿಎಚ್ ಸರಣಿಯ ನೋಂದಣಿಯು ಸೈನಿಕರಿಗೆ, ಸರ್ಕಾರಿ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಕಂಪನಿಗಳ ಉದ್ಯೋಗಿಗಳಿಗೆ ದೊರೆಯುತ್ತದೆ. ಒಂದು ಹೊಲ ಮಹಾರಾಷ್ಟ್ರದಲ್ಲಿ, ಇನ್ನೊಂದು ಹೊಲ ಕರ್ನಾಟಕದಲ್ಲಿರುವ ಕಬ್ಬು ಬೆಳೆಗಾರ ಆ ಪಟ್ಟಿಯಲ್ಲಿಲ್ಲ.