ಕಾರು ಮಾರುವ ಮುಂಚೆ ಬಣ್ಣ ಹೊಡೆಸಬೇಕೆ?

ನಿಮ್ಮ ಮನೆಯಲ್ಲೂ ಹಳೇ ಕಾರು ಮಾರುವ ಮಾತು ನಡೆದಿದೆಯೆ? ಹಾಗಿದ್ದರೆ ಗ್ಯಾರೇಜಿಗೆ ಓಡುವ ಮೊದಲು ನಮ್ಮ ಮನೆಯ ಕತೆ ಕೇಳಿ.

ಕಳೆದ ವರ್ಷ ಮಗಳ ಕಾಲೇಜು ಫೀಸಿಗೆಂದು ನಮ್ಮ 2013ರ ಬಿಳಿ ಆಲ್ಟೊ ಮಾರಬೇಕಾಯಿತು. ಎಂಜಿನ್ ಗಟ್ಟಿಮುಟ್ಟು. ಆದರೆ ಹಿಂದಿನ ಬಾಗಿಲಲ್ಲಿ ಅಂಗೈಯಗಲ ನೆಗ್ಗು, ಬಂಪರಿನುದ್ದಕ್ಕೂ ಗೀರು. (ನೆಗ್ಗು ನನ್ನದೇ ಕೊಡುಗೆ. ಡ್ರೈವಿಂಗ್ ಕಲಿಯುವಾಗ ಗೇಟಿನ ಕಂಬಕ್ಕೆ ತಾಗಿಸಿದ್ದು. ಯಜಮಾನರು ಇನ್ನೂ ಮರೆತಿಲ್ಲ!)

"ಹೀಗೇ ತೋರಿಸಿದರೆ ಯಾರು ತಗೋತಾರೆ?" ಅಂತ ಅವರ ಹಟ. ಗ್ಯಾರೇಜಿನವನು 9,000 ಕೇಳಿದ. ನಾನು ಇಬ್ಬರು ವ್ಯಾಪಾರಿಗಳ ಹತ್ತಿರ ಹೋಗಿ, ಇರುವ ಹಾಗೇ ಎಷ್ಟು, ಸರಿ ಮಾಡಿಸಿದರೆ ಎಷ್ಟು ಅಂತ ವಿಚಾರಿಸಿದೆ. ವ್ಯತ್ಯಾಸ 5,000 ದಾಟಲಿಲ್ಲ. ಐದು ಸಿಗಲೆಂದು ಒಂಬತ್ತು ಸುರಿಯುವುದು ಯಾವ ಜಾಣತನ ಹೇಳಿ? ಎರಡು ಮೂರು ವರ್ಷದ ದುಬಾರಿ ಕಾರಾದರೆ ಲೆಕ್ಕ ಬೇರೆ ಇರಬಹುದು.

ಇನ್ನೊಂದು ವಿಷಯ. ಹಳೇ ಬಣ್ಣ ಬಿಸಿಲಿಗೆ ಮಾಸಿರುತ್ತೆ. ಒಂದು ಬಾಗಿಲಿಗೆ ಮಾತ್ರ ಹೊಸದು ಹೊಡೆಸಿದರೆ ಎದ್ದು ಕಾಣುತ್ತೆ, ದೊಡ್ಡ ಆಕ್ಸಿಡೆಂಟ್ ಆಗಿತ್ತೇನೋ ಎಂಬ ಅನುಮಾನ ಹುಟ್ಟುತ್ತೆ. ತಿಳಿದವರು ಆಯಸ್ಕಾಂತ ಹಿಡಿದು ನೋಡುತ್ತಾರೆ. ಒಳಗೆ ಪುಟ್ಟಿ ದಪ್ಪಗಿದ್ದರೆ ಅದು ಸರಿಯಾಗಿ ಅಂಟುವುದಿಲ್ಲ.

ಇನ್ಶೂರೆನ್ಸಿನಲ್ಲೇ ಮಾಡಿಸೋಣ ಅಂದರು. ಬೇಡವೆಂದೆ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಕಾರು ಮಾರಿದರೂ ನಮ್ಮ ಹೆಸರಿಗೇ ಉಳಿಯುತ್ತೆ. ಕಂಪನಿಯಿಂದ ಪತ್ರ ಪಡೆದಿಟ್ಟುಕೊಂಡರೆ 3 ವರ್ಷದೊಳಗೆ ಮುಂದಿನ ಕಾರಿಗೆ ಬಳಸಬಹುದು.

ಆದರೆ ಒಡೆದ ಲೈಟು, ಬಿರುಕು ಬಿಟ್ಟ ಗಾಜು ಹಾಗೇ ಬಿಡಬೇಡಿ, ಅವು ಅಲಂಕಾರದ ಮಾತಲ್ಲ. ತಗಡು ಕಂಡಿರುವ ಗೀರಿಗೂ ತುಕ್ಕು ಹಿಡಿಯುವ ಮೊದಲು ಟಚ್‌ಅಪ್ ಬಣ್ಣ ಸವರಿ. ಕರಾವಳಿಯವರಿಗಂತೂ ಇದನ್ನು ಹೇಳಬೇಕಾಗಿಲ್ಲ.

ನಾನೂ ಮಗಳೂ ಭಾನುವಾರ ಕೂತು ಕಾರು ತೊಳೆದು ಪಾಲಿಶ್ ಉಜ್ಜಿದೆವು. ಸಣ್ಣ ಗೀರುಗಳು ಅರ್ಧಕ್ಕರ್ಧ ಮಾಯ. ಒಳಗಿನ ವಾಸನೆಗೆ ಮ್ಯಾಟಿನ ಮೇಲೆ ಅಡಿಗೆ ಸೋಡಾ ಉದುರಿಸಿ, ರಾತ್ರಿಯೆಲ್ಲ ಬಿಟ್ಟು ಕೊಡವಿದೆ.

ಕೊಳ್ಳಲು ಬಂದವರು ಒಬ್ಬ ಟೀಚರ್. ನೆಗ್ಗನ್ನು ನಾನೇ ಮೊದಲು ತೋರಿಸಿ, ಆದದ್ದನ್ನು ಹೇಳಿದೆ. ಅವರು ನಕ್ಕು, "ನಾನೂ ಈಗ ಕಲೀತಿದೀನಿ ಕಣ್ರೀ, ಇದರ ಪಕ್ಕ ನಂದೂ ಒಂದು ಸೇರಿದರೆ ಗೊತ್ತಾಗಲ್ಲ" ಅಂದರು. 3,000 ಬಿಟ್ಟುಕೊಟ್ಟೆವು. ಫೀಸು ಕಟ್ಟಿದ್ದಾಯಿತು.

ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೀ ಕೊಡುವಾಗ ನಮ್ಮ ಯಜಮಾನರು ಆ ನೆಗ್ಗನ್ನೇ ಒಮ್ಮೆ ಸವರಿದರು!