ಹಳೇ ಆಟದ ಪೆಟ್ಟಿಗೆ ಬದುಕೋದು ಅದರ ಕೈಪಿಡಿಯಿಂದ

1979ರಲ್ಲಿ ಅಮೆರಿಕದ ಅಟಾರಿ ಕಂಪನಿ ‘ಆಸ್ಟರಾಯ್ಡ್ಸ್’ ಆಟ ತಂತು. ಆಳೆತ್ತರದ ಪೆಟ್ಟಿಗೆ, ನಾಣ್ಯ ಹಾಕಿದ್ರೆ ಆಟ ಶುರು. ಅಂಥದ್ದೊಂದು ಇವತ್ತು ಕೆಟ್ಟು ನಿಂತರೆ, ರಿಪೇರಿ ಮಾಡೋರು ಮೊದಲು ಕೇಳೋದು: ಕೈಪಿಡಿ ಇದೆಯಾ?

ಯಾಕಂದ್ರೆ ಇದರ ಪರದೆ ಮಾಮೂಲಿ ಟಿವಿ ಥರ ಅಲ್ಲ. ಟಿವಿಯಲ್ಲಿ ಚಿತ್ರ ಸಾಲುಸಾಲಾಗಿ ಮೂಡುತ್ತೆ. ಇಲ್ಲಿ ಎಲೆಕ್ಟ್ರಾನ್ ಕಿರಣವೇ ಗೆರೆ ಎಳೆದು ಆಟದ ಬಂಡೆಗಳನ್ನ, ನೌಕೆಯನ್ನ ಬಿಡಿಸುತ್ತೆ. ಟಿವಿ ರಿಪೇರಿ ಅನುಭವ ಒಂದೇ ಸಾಲದು, ಸರ್ಕ್ಯೂಟ್ ನಕ್ಷೆ ಬೇಕೇ ಬೇಕು.

ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಬೋರ್ಡ್ ಮೇಲಿನ ಪುಟ್ಟ ಸ್ವಿಚ್‌ಗಳನ್ನೇ ತಗೊಳ್ಳಿ. ಆಟಗಾರನಿಗೆ ಮೂರು ನೌಕೆನಾ, ನಾಲ್ಕಾ? ಪರದೆ ಮೇಲೆ ಇಂಗ್ಲಿಷಾ, ಜರ್ಮನ್ನಾ, ಫ್ರೆಂಚಾ, ಸ್ಪ್ಯಾನಿಷಾ? ಎಲ್ಲ ಇಲ್ಲೇ ತೀರ್ಮಾನ ಆಗುತ್ತೆ. ಯಾವ ಸ್ವಿಚ್ ಯಾವುದಕ್ಕೆ ಅನ್ನೋ ಕೋಷ್ಟಕ ಇರೋದು ಕೈಪಿಡಿಯಲ್ಲಿ.

‘ಮೇಮ್’ ಎಂಬ ತಂತ್ರಾಂಶದಲ್ಲಿ ಈ ಆಟವನ್ನ ಕಂಪ್ಯೂಟರ್‌ನಲ್ಲೇ ಆಡಬಹುದು, ನಿಜ. ಆದರೆ ಸುಟ್ಟ ಪವರ್ ಸಪ್ಲೈಯನ್ನ ಅದು ಸರಿಮಾಡಲ್ಲ.

ಕೈಪಿಡಿಯ ಕಾಗದ ಉಳಿಸೋದು ನಿಜಕ್ಕೂ ನಾಜೂಕಿನ ಕೆಲಸ. ನಕ್ಷೆಗಳು ದೊಡ್ಡ ಹಾಳೆಗಳು, ಮಡಚಿ ಇಟ್ಟಿರ್ತಾರೆ. ಮಡಿಕೆ ಬಿದ್ದಲ್ಲೇ ಅಂಕಿ ಅಳಿಸುತ್ತೆ. ಅವಸರದ ಸ್ಕ್ಯಾನ್‌ನಲ್ಲಿ 6 ಹೋಗಿ 8 ಆದ್ರೆ, ತಪ್ಪು ರೆಸಿಸ್ಟರ್ ಬೋರ್ಡ್‌ಗೆ ಸೇರುತ್ತೆ. ಅದಕ್ಕೇ ಹೆಚ್ಚು ರೆಸಲ್ಯೂಷನ್‌ನಲ್ಲಿ, ತುಂಡುತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸಬೇಕು. ಅಂಚಿನಲ್ಲಿ ಹಳೇ ಮೆಕ್ಯಾನಿಕ್ ಪೆನ್ನಲ್ಲಿ ಗೀಚಿದ ತಿದ್ದುಪಡಿಯನ್ನ ಕೊಳೆ ಅಂತ ಒರೆಸಿಬಿಡಬಾರದು. ನನ್ನ ಪ್ರಕಾರ ಆ ಹಾಳೆಯಲ್ಲಿ ಅದಕ್ಕಿಂತ ಬೆಲೆಬಾಳುವ ಸಾಲು ಇನ್ನೊಂದಿಲ್ಲ.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರೋ ‘ದಿ ಸ್ಟ್ರಾಂಗ್’ ಮ್ಯೂಸಿಯಂ ಅಟಾರಿಯ ಆರ್ಕೇಡ್ ವಿಭಾಗದ ದಾಖಲೆಗಳನ್ನ ಕಾಪಾಡ್ತಿದೆ. ಇಂಟರ್ನೆಟ್ ಆರ್ಕೈವ್‌ನಲ್ಲೂ ಇಂಥ ಕೈಪಿಡಿಗಳ ಸಂಗ್ರಹ ಇದೆ, ಯಾರು ಬೇಕಾದ್ರೂ ತೆರೆದು ಓದಬಹುದು. ನಿಮ್ಮ ಹತ್ರ ಅಂಥ ಹಾಳೆ ಇದ್ರೆ ಸ್ಕ್ಯಾನ್ ಮಾಡಿ ಹಂಚಿ, ಮೂಲ ಕಾಗದವನ್ನ ಮಾತ್ರ ರದ್ದಿಗೆ ಹಾಕಬೇಡಿ.